ಹದಿನೇಳನೆಯ ಪುಟದ ಸಲಹೆ

ನವೆಂಬರ್ 14, ಶುಕ್ರವಾರ
ಮನೆಯಿಂದ

ಚಿಕ್ಕಂದಿನಿಂದ ಮಾತಿಗೆ ಮಾತು ವಾದಿಸುವ ನಮ್ಮ ಲಾಯರಮ್ಮನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ನೆಟ್ಟಗಿದ್ದೇವೆ. ನೀನೂ ಹೊತ್ತುಹೊತ್ತಿಗೆ ಉಂಡು, ಹೊತ್ತಿಗೆ ಸರಿಯಾಗಿ ಮಲಗಿ ನೆಟ್ಟಗಿದ್ದೀಯ ಎಂದುಕೊಂಡಿದ್ದೇನೆ. ಮೂರು ತಿಂಗಳಿಂದ ನಿನಗೆ ಕಾಗದ ಬರೆದಿಲ್ಲ, ತಪ್ಪು ನನ್ನದು. "ದೊಡ್ಡಪ್ಪಂಗೆ ಕೈ ನೋವಾ, ಇಲ್ಲ ಕೋಪಾನಾ, ಕೇಳಮ್ಮ" ಎಂದು ನಿನ್ನಮ್ಮನ ಫೋನಿಗೆ ಬರೆದಿದ್ದೆಯಂತೆ. ಕೈ ಚೆನ್ನಾಗಿಯೇ ಇದೆ. ಫೋನಿನಲ್ಲೇ ಮಾತಾಡಬಹುದಿತ್ತು ಅನ್ನುತ್ತೀಯ. ಈಗೀಗ ನನ್ನ ಗಂಟಲು ನನ್ನ ಮಾತು ಕೇಳುವುದಿಲ್ಲ. ಪೆನ್ನು ಕೇಳುತ್ತದೆ.

ಮೊದಲು ಅಂಗಡಿಯ ಸುದ್ದಿ. ನೀನು ಈಗ ಬಂದರೆ ಬಾಗಿಲು ತಪ್ಪಿತೇನೋ ಎಂದು ಹಿಂದಕ್ಕೆ ಹೋಗುತ್ತೀಯ. ಅಟ್ಟದವರೆಗೆ ಪೇರಿಸಿದ್ದ ಡಬ್ಬಗಳೆಲ್ಲ ಗೋದಾಮಿಗೆ ಹೋಗಿವೆ. ಗೋಡೆಗೆ ಗಾಜಿನ ಹಲಗೆ, ಹಲಗೆಗೆ ದೀಪ, ದೀಪದ ಕೆಳಗೆ ಒಂದೊಂದೇ ಬೂಟು, ಬಹುಮಾನ ಗೆದ್ದು ಬಂದು ಕೂತ ಹಾಗೆ. ಗಿರಾಕಿ ತಾನೇ ಎತ್ತಿಕೊಂಡು, ತಾನೇ ಹಾಕಿಕೊಂಡು, ಕನ್ನಡಿಯಲ್ಲಿ ತಾನೇ ನೋಡಿಕೊಳ್ಳಬೇಕು. ಕಾಲು ಹಿಡಿಯುವವರು ಯಾರೂ ಇಲ್ಲ. ಟೈ ಕಟ್ಟಿಕೊಂಡ ಒಬ್ಬ ಹೊಸಬ ನಿಂತಿರುತ್ತಾನೆ. ನಿನ್ನಮ್ಮ ಅವನನ್ನು ಟೈ ಅಂತಲೇ ಕರೆಯುತ್ತಾಳೆ. "ಟೈ ಊಟಕ್ಕೆ ಹೋಯ್ತಾ?" ಎಂದು ಕೇಳುತ್ತಾಳೆ.

ಸುಳ್ಳು ಹೇಳಬಾರದು, ಅಂಗಡಿ ಮೊದಲಿಗಿಂತ ಚೆನ್ನಾಗಿ ನಡೆಯುತ್ತಿದೆ. ನೀನು ಹೇಳಿದ್ದೇ ಸರಿಯಾಯಿತು. ಇದನ್ನು ನಿನ್ನ ಪ್ರೊಫೆಸರಮ್ಮನಿಗೂ ತಿಳಿಸು, ಸಂತೋಷಪಡುತ್ತಾರೆ.

ನಾನು ಆಗಸ್ಟಿನಿಂದ ಮನೆಯಲ್ಲಿದ್ದೇನೆ. ಮಂಡಿ ನೋವು ಎಂದು ಎಲ್ಲರಿಗೂ ಹೇಳಿದ್ದೇವೆ. ಅರವತ್ತೆಂಟು ವರ್ಷದ ಮಂಡಿಯ ಮೇಲೆ ಏನು ಹೊರಿಸಿದರೂ ಜನ ನಂಬುತ್ತಾರೆ.

ಹೋದ ವಾರ ನಮ್ಮ ಹಳೆಯ ಗಿರಾಕಿ ನರ್ಸಮ್ಮ ಮನೆಗೆ ಬಂದಿದ್ದರು. ಹೆಬ್ಬೆರಳ ಪಕ್ಕದ ಎಲುಬು ಉಬ್ಬಿದೆಯಲ್ಲ, ಅವರು. ಟೈ ಕೊಟ್ಟ ಚೂಪು ಮೂತಿಯ ಬೂಟು ಕೈಯಲ್ಲಿ, ಬರಿಗಾಲು ನೆಲದ ಮೇಲೆ. "ನೀವಿದ್ದಿದ್ರೆ ಬೈದು ಕಳಿಸ್ತಿದ್ರಿ. ಆ ಹುಡುಗ 'ಸೂಪರ್ ಮೇಡಂ' ಅಂದ, ನಾನೂ ಉಬ್ಬಿಹೋದೆ ನೋಡಿ" ಎಂದರು. "ಈಗ ಬೆರಳೂ ಉಬ್ಬಿದೆ" ಎಂದೆ. ಇಬ್ಬರೂ ನಕ್ಕೆವು. ಬೂಟನ್ನು ಒದ್ದೆ ಬಟ್ಟೆಯಿಂದ ಮೆತ್ತಗೆ ಮಾಡಿ, ಮರದ ಅಚ್ಚು ತುರುಕಿ ಒಂದು ದಿನ ಇಟ್ಟು ಕೊಟ್ಟೆ. ನಿನ್ನಪ್ಪನಿಗೆ ಹೇಳಬೇಡ. ಅಂಗಡಿಯ ಮರ್ಯಾದೆಯ ಪ್ರಶ್ನೆ.

ಇರಲಿ, ವಿಷಯಕ್ಕೆ ಬರುತ್ತೇನೆ.

ನೀನು ಆ ದೇಶಕ್ಕೆ ಹೋದ ಮೊದಲ ವರ್ಷ ನೆನಪಿದೆಯಾ? "ಕ್ಲಾಸಲ್ಲಿ ಎಲ್ಲರೂ ನಗ್ತಾರೆ, ನಾನೂ ನಗ್ತೀನಿ ದೊಡ್ಡಪ್ಪ, ಯಾಕೆ ಅಂತ ಗೊತ್ತಾಗಲ್ಲ" ಎಂದು ಅತ್ತಿದ್ದೆ. ರೂಮು ಚಳಿಗೆ ಕೊರೆಯುತ್ತದೆಂದು ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಯಂತ್ರಕ್ಕೆ ಬೆನ್ನು ಕೊಟ್ಟು ಕೂತು ಮಾರ್ಕೆಟಿಂಗ್ ಪುಸ್ತಕ ಓದುತ್ತಿದ್ದೆ. ಶಾಲೆಯ ಮುಖ ನೋಡದ ನಾನು ಬೂಟಿನ ಡಬ್ಬಗಳ ಮೇಲಿನ ಅಕ್ಷರ ಕೂಡಿಸಿ ಇಂಗ್ಲಿಷ್ ಕಲಿತವನು. ದಿನಕ್ಕೆ ಐದು ಪದ, ಆರನೆಯದರ ತಂಟೆ ಬೇಡ ಎಂದು ಹೇಳಿಕೊಟ್ಟೆ. ಆಮೇಲೆ ನಿನಗೆ ದಿನಕ್ಕೆ ಐವತ್ತು ಬಂದವು, ನನಗೆ ಹೆಮ್ಮೆಯಾಯಿತು.

ಮೂರನೆಯ ವರ್ಷಕ್ಕೆ ಪ್ರಾಜೆಕ್ಟು ಬಂತು, ನೀನು ನಮ್ಮ ಅಂಗಡಿಯನ್ನೇ ಆರಿಸಿಕೊಂಡೆ. "ನೀನು ಹೇಗೆ ಮಾರ್ತೀಯ, ಎಲ್ಲಾ ಬರೆದು ಕಳಿಸು ದೊಡ್ಡಪ್ಪ, ಏನೂ ಬಿಡಬೇಡ" ಎಂದೆ. ನಲವತ್ತು ವರ್ಷ ನಾನು ಗಿರಾಕಿಯ ಮುಂದೆ ಮೊಣಕಾಲೂರಿ ಕೂತವನು, ಅಲ್ಲೇನು ಮಾಡುತ್ತೀಯ ಎಂದು ಅದುವರೆಗೆ ಯಾರೂ ಕೇಳಿರಲಿಲ್ಲ. ಹನ್ನೊಂದು ಕಾಗದ ಬರೆದೆ. ಸಂಜೆ ಪಾದ ಊದಿರುತ್ತದೆ, ಅಳತೆ ಆಗಲೇ ತೆಗೆಯಬೇಕು ಎಂದು ಬರೆದೆ. ಎರಡು ಕಾಲೂ ಒಂದೇ ಅಳತೆ ಇರುವವರು ಅಪರೂಪ, ದೊಡ್ಡ ಕಾಲಿನ ಮಾತು ಕೇಳಬೇಕು ಎಂದು ಬರೆದೆ. ಬೂಟು ಕಚ್ಚುತ್ತದೆ ಎಂದು ಕಂಡರೆ ಗಿರಾಕಿ ದುಂಬಾಲು ಬಿದ್ದರೂ ಕೊಡುವುದಿಲ್ಲ, ಹತ್ತು ಜನರಲ್ಲಿ ಮೂವರನ್ನಾದರೂ ಬರಿಗೈಯಲ್ಲಿ ಕಳಿಸುತ್ತೇನೆ ಎಂದೂ ಬರೆದೆ. ಅದನ್ನು ಜಂಬದಿಂದಲೇ ಬರೆದೆ, ಮಗಳೇ.

ಕೈ ತೋರಿಸಿ ಅವಲಕ್ಷಣ ಅನ್ನಿಸಿಕೊಳ್ಳುವುದು ಎಂದರೆ ಇದೇ ಇರಬೇಕು.

ಜುಲೈ ಕೊನೆಯ ಭಾನುವಾರ ನಿನ್ನಪ್ಪ, ನೀನು ಫೋನಿಗೆ ಕಳಿಸಿದ್ದ ಪ್ರಾಜೆಕ್ಟಿನ ಪ್ರಿಂಟು ತೆಗೆಸಿ ತಂದ. ಮೂವತ್ತೊಂದು ಪುಟ, ಮೇಲೆ ಪ್ಲಾಸ್ಟಿಕ್ ಹೊದಿಕೆ. "ಕ್ಲಾಸಿಗೇ ಮೊದಲು ಬಂದಿದಾಳೆ! ಓದು ಅಣ್ಣ, ಒಂದಕ್ಷರ ಬಿಡಬೇಡ" ಎಂದು ನನ್ನ ಕೈಗಿಟ್ಟ. ನಿನ್ನಮ್ಮ ಸೆರಗಿಗೆ ಕೈ ಒರೆಸಿಕೊಂಡು ಬಂದು ಕೂತಳು. ನಾನು ಇಂಗ್ಲಿಷಿನಲ್ಲಿ ಒಂದು ಸಾಲು ಓದುವುದು, ಕನ್ನಡದಲ್ಲಿ ಹೇಳುವುದು. ಗೊತ್ತಿಲ್ಲದ ಪದ ಬಂದರೆ ಡಿಕ್ಷನರಿ. ಈ ಮನೆಯಲ್ಲಿ ಇಂಗ್ಲಿಷ್ ಓದುವವನು ನಾನೊಬ್ಬನೇ ಎಂದು ನಿನಗೆ ಮರೆತುಹೋಗಿತ್ತಾ? ಅಥವಾ ನೆನಪಿತ್ತಾ? ಮೂರು ತಿಂಗಳಿಂದ ಇದನ್ನೇ ತಿರುವಿ ಹಾಕುತ್ತಿದ್ದೇನೆ. ಯಾವ ಕಡೆ ಹಾಕಿದರೂ ಕಚ್ಚುತ್ತದೆ.

ಹದಿನೇಳನೆಯ ಪುಟ ಬಂತು. ಮಾರಾಟ ಕುಗ್ಗಲು ಮುಖ್ಯ ಕಾರಣ ಪೈಪೋಟಿಯಲ್ಲ, ಬೆಲೆಯಲ್ಲ, ಹಿರಿಯ ಮಾರಾಟಗಾರ. ಒಬ್ಬೊಬ್ಬರಿಗೂ ಅರ್ಧ ಗಂಟೆ ಕಳೆಯುತ್ತಾನೆ. ಹತ್ತರಲ್ಲಿ ಮೂವರನ್ನು ತಾನೇ ಹಿಂದಕ್ಕೆ ಕಳಿಸುತ್ತಾನೆ. ಅವನನ್ನು ಕೌಂಟರಿನಿಂದ ತೆಗೆಯದೆ ಬೇರೆ ಯಾವ ಸುಧಾರಣೆಯೂ ಫಲ ಕೊಡದು.

ಓದಿದೆ. ಕನ್ನಡದಲ್ಲೂ ಹೇಳಿದೆ. ಒಂದಕ್ಷರ ಬಿಡಲಿಲ್ಲ, ಮೆತ್ತಗೂ ಮಾಡಲಿಲ್ಲ.

ನಿನ್ನಪ್ಪ ತನ್ನ ಉಗುರು ನೋಡಿಕೊಂಡ. "ಮಗು ಏನೋ ಬರೆದಿದೆ ಅಣ್ಣ, ಬಿಡು" ಎಂದ. ನಿನ್ನಮ್ಮ, "ಅಷ್ಟು ಓದಿದವಳು ಸುಮ್ಮಸುಮ್ಮನೆ ಬರೀತಾಳಾ?" ಎಂದಳು. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಪಾಪ, ಮಗಳ ಪರ ನಿಂತಳು, ತಾಯಿ ಇನ್ನೇನು ಮಾಡಬೇಕು? "ಓದು ಮುಗಿದಿಲ್ಲ, ಇನ್ನೂ ಹದಿನಾಲ್ಕು ಪುಟ ಇದೆ" ಎಂದು ನಾನೇ ಮುಂದಕ್ಕೆ ಹೋದೆ.

ಒಂದು ವಾರ ನಿನ್ನಪ್ಪ ನನ್ನ ಮುಖ ನೋಡಿ ಮಾತಾಡಲಿಲ್ಲ. ಅಂಗಡಿ ಅವನ ಹೆಸರಿನದು, ಆದರೂ ತಮ್ಮ. ಅಣ್ಣನಿಗೆ ಏಳು ಎಂದು ಅವನ ಬಾಯಿಂದ ಬರುವುದಿಲ್ಲ. ಸೋಮವಾರ ನಾನೇ "ಮಂಡಿ ಕೂರಲು ಬಿಡ್ತಿಲ್ಲ ಕಣೋ, ಯಾರನ್ನಾದ್ರೂ ನೋಡು" ಎಂದೆ. "ಹಾಗಂತೀಯಾ ಅಣ್ಣ?" ಎಂದ. ಎಷ್ಟು ಬೇಗ ಎಂದ ಗೊತ್ತಾ! ಬುಧವಾರಕ್ಕೆ ಟೈ ಬಂದಿತ್ತು. ಮೊದಲೇ ಮಾತಾಡಿಟ್ಟಿದ್ದ.

ಈಗ ನಿನ್ನ ಹೊಸ ಪ್ರಶ್ನೆಗಳ ಪಟ್ಟಿ ನನ್ನ ಮುಂದಿದೆ. ಮುನಿಸಿಕೊಂಡು ಹೋದ ಗಿರಾಕಿಯನ್ನು ಮತ್ತೆ ಕರೆತರುವುದು ಹೇಗೆ ಎಂದು ಕೇಳಿದ್ದೀಯ. ಟೈಯನ್ನು ಕೇಳು ತಾಯಿ. ನನಗೆ ತಿಳಿದಿದ್ದೆಲ್ಲ ಆ ಹನ್ನೊಂದು ಕಾಗದದಲ್ಲೇ ಖಾಲಿಯಾಯಿತು.

ಪರೀಕ್ಷೆ ಚೆನ್ನಾಗಿ ಬರೆ. ಪದವಿ ತಗೋ. ದೊಡ್ಡ ಕೆಲಸಕ್ಕೆ ಸೇರು. ನಿನ್ನ ಕೈಕೆಳಗೆ ಹತ್ತಾರು ಜನ ಇರುವ ಕಾಲ ಬರಲಿ. ಅವರಲ್ಲಿ ಒಬ್ಬ ಮುದುಕನೂ ಇರಲಿ. ಇದನ್ನು ಶಾಪ ಎಂದುಕೊಳ್ಳಬೇಡ, ಆಶೀರ್ವಾದವೇ. ಚಳಿಗೆ ಕಾಲುಚೀಲ ಎರಡು ಜೊತೆ ಹಾಕು.

ಇತಿ,
ನಿನ್ನ ದೊಡ್ಡಪ್ಪ

ಮರೆತಿದ್ದು: ಕಾಗದ ಮಡಿಸಿದ ಮೇಲೆ ಮತ್ತೆ ಬಿಚ್ಚಿದ್ದೇನೆ. ಹದಿನೇಳನೆಯ ಪುಟಕ್ಕೆ ನನ್ನ ತಕರಾರಿಲ್ಲ. ವ್ಯಾಪಾರದ ಮಾತು ವ್ಯಾಪಾರದ ಹಾಗೆ ಹೇಳಿದ್ದೀಯ. ಆದರೆ ಒಂದಕ್ಷರ ಬಿಡಲಿಲ್ಲ ಎಂದೆನಲ್ಲ, ಅದು ಪೂರ್ತಿ ನಿಜವಲ್ಲ. ಮೂರನೆಯ ಪುಟದಲ್ಲಿ "ಅಂಗಡಿಯ ಮಾಲೀಕರು ನನ್ನ ತಂದೆ" ಎಂದು ಬರೆದು, ಅದರ ಕೆಳಗೇ, ಈ ಮಾಹಿತಿ ಕೊಟ್ಟವನು ಅಲ್ಲಿನ ಒಬ್ಬ ನೌಕರ, ವಿದ್ಯಾಭ್ಯಾಸವಿಲ್ಲದವನು ಎಂದು ಬರೆದಿದ್ದೀಯ. ಆ ಸಾಲಿನಲ್ಲಿ ಡಿಕ್ಷನರಿ ನೋಡಬೇಕಾದ ಪದ ಒಂದೂ ಇರಲಿಲ್ಲ. ಆದರೂ ನಾನು ಡಿಕ್ಷನರಿ ತೆರೆದು ಸ್ವಲ್ಪ ಹೊತ್ತು ಅದರಲ್ಲಿ ಮುಖ ಇಟ್ಟುಕೊಂಡು ಕೂತೆ. ಆಮೇಲೆ ನಿನ್ನಪ್ಪನಿಗೆ, "ಇದನ್ನೆಲ್ಲ ನನಗೆ ಕಲಿಸಿದವರು ನನ್ನ ದೊಡ್ಡಪ್ಪ ಅಂತ ಬರೆದಿದಾಳೆ" ಎಂದು ಓದಿ ಹೇಳಿದೆ. ಅವನ ಕಣ್ಣು ತುಂಬಿತು. "ನೋಡಿದ್ಯಾ ಅಣ್ಣ" ಎಂದ. ಅವನು ಯಾವತ್ತಾದರೂ ಕೇಳಿದರೆ, ಹೌದಪ್ಪ, ಹಾಗೇ ಬರೆದಿದ್ದೆ ಎಂದುಬಿಡು.