ಗ್ರ್ಯಾಂಡ್‌ಮಾಸ್ಟರ್ ಕುರ್ಚಿ ಕೇಳಿದರು

ಟಿಬಿಲಿಸಿ, ಭಾನುವಾರ

ಪ್ರೀತಿಯ ಅಪ್ಪ,

ಇಲ್ಲಿ ನನಗೆ ಯಾರೂ ಇಲ್ಲ, ಓದು ಬಿಟ್ಟು ಬರುತ್ತೇನೆ, ಮುಂದಿನ ಶನಿವಾರ ಬಂದು ಕರೆದುಕೊಂಡು ಹೋಗು ಎಂದು ಬರೆದಿದ್ದೆನಲ್ಲ.

ನಿನ್ನೆ ಗ್ರ್ಯಾಂಡ್‌ಮಾಸ್ಟರ್ ಎತೇರಿ ಮೇಡಂ ನಮ್ಮ ಹಾಸ್ಟೆಲಿಗೆ ಬಂದು, ಹಾಲ್ ತುಂಬ ಇದ್ದವರೊಂದಿಗೆ ಒಟ್ಟಿಗೇ ಚೆಸ್ ಆಡಿದರು. ಅವರು ಬೋರ್ಡಿನಿಂದ ಬೋರ್ಡಿಗೆ ನಡೆಯುತ್ತ ನಿಂತೇ ಆಡುತ್ತಾರೆ. ಎದುರಿಗೆ ಬಂದ ಕೂಡಲೇ ನಾವು ಕಾಯಿ ನಡೆಸಬೇಕು. ಉಳಿದವರು ಸೋತು ಎದ್ದಷ್ಟೂ ಅವರು ನನ್ನ ಬಳಿ ಬೇಗ ಬೇಗ ಬರತೊಡಗಿದರು. ಯೋಚಿಸಲು ಟೈಮೇ ಇಲ್ಲ. ಕೊನೆಗೆ ಉಳಿದವಳು ನಾನೊಬ್ಬಳೇ.

"ಬೇಗ ಸೋತ್ಬಿಡೇ ಮಾರಾಯ್ತಿ, ಮೆಸ್ ಮುಚ್ತಾರೆ," ಎಂದಳು ರೂಮ್‌ಮೇಟ್ ಲಾಮಾರಾ.

ಮೇಡಂ ಬೋರ್ಡನ್ನೇ ನೋಡಿದರು. "ಒಂದು ಕುರ್ಚಿ ತನ್ರಪ್ಪ. ಇವಳ ಜೊತೆ ನಿಂತ್ಕೊಂಡು ಆಡೋಕಾಗಲ್ಲ."

ಸೋತೆ. ಆದರೆ ಮುಗಿಯುವ ತನಕ ಯಾರೂ ಊಟಕ್ಕೆ ಹೋಗಲಿಲ್ಲ, ಲಾಮಾರಾ ಕೂಡ.

ಶನಿವಾರ ಬರಬೇಡ. ದಪ್ಪ ಕಾಲುಚೀಲ ಕಳಿಸು, ಇಲ್ಲಿ ಚಳಿಗಾಲ ಜೋರಂತೆ.

ನಿನ್ನ ಮಗಳು,
ಮಕ್ವಾಲಾ