ಪಾವತಿಯೊಳಗಿನ ತಪ್ಪು ಶಬ್ದ

ಖಾನಾಪುರ, ೧೯೨೫

ಅವಧೂತಾ,

ಸತ್ತವರಿಗೆ ಟಪಾಲು ಮುಟ್ಟೂದಿಲ್ಲ, ಅದಕ್ಕ ಖರೇ ಬರೀತೇನಿ. ನಮ್ಮ ಮಾಸ್ತರರ ಸಂಘ ಇವತ್ತ ಗೆದ್ದಿತು. ಐದು ತಿಂಗಳಿಂದ ತಡದಿದ್ದ ಪಗಾರ ಹಂಚಾಕ ಸಾಲಿ ಬೋರ್ಡಿನ ಅಧ್ಯಕ್ಷ ಹೊಸಾ ಖಾದಿ ಟೊಪಗಿ ಹಾಕ್ಕೊಂಡು ಬೆಳಗಾವಿಯಿಂದ ಬಂದಿದ್ದ. ನಾವು ಸಹಿ ಮಾಡೋ ಪಾವತಿ ಚೀಟಿಯೊಳಗ 'ಪಗಾರ' ಅಂತ ಇರಲಿಲ್ಲ, 'ಬಕ್ಷೀಸು ಮುಟ್ಟಿತು' ಅಂತ ಇತ್ತು.

"ಶಬ್ದ ತಪ್ಪೈತ್ರಿ," ಅಂದೆ.

"ತಪ್ಪು ಸಾಲ್ಯಾಗ ತಿದ್ರಿ, ಮಾಸ್ತರ. ಇಲ್ಲೆ ಸಹಿ ಮಾಡ್ರಿ."

ನಮ್ಮ ಸಂಘದ ಹುಲಿಗಳು ಹಲ್ಲು ಕಿರಿದು, ಪಾಳಿ ಹಚ್ಚಿ ಸಹಿ ಮಾಡಿದವು. ಹೋದ ವರ್ಷ ಇದೇ ಶಬ್ದದ ಸಲುವಾಗಿ ನೀ ಒಬ್ಬನ ಎದ್ದು ನಿಂತು ನೌಕರಿ ಕಳಕೊಂಡಿ. ನಾ ಕುಂತಲ್ಲೇ ಕುಂತಿದ್ದೆ.

ಇವತ್ತ ನಾನೂ ಎದ್ದೆ. ನೀ ಕೊಟ್ಟ ಟಾಕು ಮಸ್ಯಾಗ ಅದ್ದಿ ಸಹಿ ಮಾಡಿದೆ. ಅಕ್ಷರ ಮಾತ್ರ ದುಂಡಗ ಬಂದಾವ.