ಅಮ್ಮನ ಧ್ವನಿಗೆ ಬೀಗ

ಹಿಂದಿನ ಕೋಣೆಯಿಂದ,
ಜೂನ್ ೧೪, ಶನಿವಾರ

ಪ್ರೀತಿಯ ಅಕ್ಕಾ,

ಸತ್ಯವನ್ನೇ ಹೇಳುತ್ತೇನೆ, ಸತ್ಯವನ್ನಲ್ಲದೆ ಬೇರೇನನ್ನೂ ಹೇಳುವುದಿಲ್ಲ: ನಿನ್ನ ತಮ್ಮ ಕಳ್ಳ. ಕದ್ದ ಮಾಲು, ಅಮ್ಮನ ಧ್ವನಿ. ಶಿಕ್ಷೆ ಆಮೇಲೆ ವಿಧಿಸುವೆಯಂತೆ, ಮೊದಲು ನಿನ್ನ ಮಂಡಿನೋವು ಹೇಗಿದೆ ಹೇಳು. ಮೆಟ್ಟಿಲು ಹತ್ತುವಾಗ ಈಗಲೂ ಭಾವನನ್ನೇ ಬೈಯುತ್ತೀಯಾ?

ಅಮ್ಮ ಹೋಗುವ ಮುಂಚೆ ನೀನು ಫೋನಿನಲ್ಲಿ ರೆಕಾರ್ಡ್ ಮಾಡಿ ಹಜಾರದ ಕಂಪ್ಯೂಟರಿನಲ್ಲಿ ಇಟ್ಟಿದ್ದೆಯಲ್ಲ, ನಲವತ್ತಾರು ಕಡತ, ಅವನ್ನು ಅಣ್ಣ ತನ್ನ ಕೋಣೆಯ ಲ್ಯಾಪ್‌ಟಾಪಿನಿಂದಲೇ ತೆರೆದು ಇಸ್ಪೀಟಿನ ಗೆಳೆಯರಿಗೆ ಕೇಳಿಸುತ್ತಿದ್ದ. ಕಥೆ ಹೇಳಿದ್ದಲ್ಲ, ಕೊನೆಯ ತಿಂಗಳು ನಾಲಿಗೆ ತೊದಲಿ, ಮಾತ್ರೆಯ ಹೆಸರು ಹೇಳಲಾಗದೆ ಒದ್ದಾಡಿದ್ದು. “ತಡೀರೋ, ಈಗ ಬರತ್ತೆ ನೋಡಿ” ಎಂಬ ಮುನ್ನುಡಿ ಬೇರೆ. ಅವರು ತೊಡೆ ತಟ್ಟಿಕೊಂಡು ನಕ್ಕರು. ನಾನು ಎದ್ದು ಹೋಗಿ ಹಜಾರದ ಕಂಪ್ಯೂಟರಿನ ಮುಂದೆ ಕೂತೆ. ಹಜಾರದ ಕೀಬೋರ್ಡೂ ಅವರ ಮನಸ್ಸಿನಷ್ಟೇ ಸ್ವಚ್ಛ: ಎಣ್ಣೆಬೆರಳಿನ ಜಿಡ್ಡು, ಉಗುರಿನ ಚೂರು, ಯಾರದೋ ಮೀಸೆಯ ಕೂದಲು. ಕರವಸ್ತ್ರ ಸುತ್ತಿಕೊಂಡು ಒಂದೊಂದೇ ಕೀಲಿ ಒತ್ತಿದೆ.

ಕಂಪ್ಯೂಟರಿನೊಳಗೇ ಫೈರ್‌ವಾಲ್ ಇದೆ, ಬಿಟ್ಟಿ. ಹೊರಗಿನಿಂದ ಯಾರೂ ಒಳಗೆ ಬರದಂತೆ ಹಾಕಿಬಿಟ್ಟೆ. ಬೆಂಕಿಗೋಡೆ ಇಲ್ಲಿ, ಉರಿ ಅಣ್ಣನ ಹೊಟ್ಟೆಯಲ್ಲಿ! ಡಿಸ್ಕ್ ಇಮೇಜ್ ಎಂಬುದೊಂದು ಪೆಟ್ಟಿಗೆಯೂ ಅದರಲ್ಲೇ ಉಂಟು. ಪಾಸ್‌ವರ್ಡ್ ಹೇಳದೆ ಬಾಯಿ ಬಿಡದು. ನೀನು ಪರದೆಯ ಮೇಲೆ ಸಾಲಾಗಿ ಜೋಡಿಸಿದ್ದ ನಲವತ್ತಾರನ್ನೂ ಅದರೊಳಗೆ ತುಂಬಿ ಬೀಗ ಹಾಕಿದೆ. ಬೇರೊಂದು ಫೋಲ್ಡರಿನಲ್ಲಿ ಅವುಗಳದೇ ಇನ್ನೊಂದು ಪ್ರತಿ ಸಿಕ್ಕಿತು. ಅಣ್ಣನ ಕೈಗೆ ಸಿಗಬಾರದೆಂದು ಅದನ್ನು ಅಳಿಸಿ, ಕಸದಬುಟ್ಟಿಯನ್ನೂ ಖಾಲಿ ಮಾಡಿದೆ.

ಸಂಜೆ ಅಣ್ಣ ಬಾಗಿಲಿಗೆ ಬಂದು, “ಏ ಪ್ರೊಫೆಸರ್, ಅಮ್ಮ ಬರ್ತಾನೇ ಇಲ್ವಲ್ಲೋ?” ಎಂದ. “ಇನ್ನು ಬರಲ್ಲ ಬಿಡು” ಎಂದೆ. ಇಷ್ಟು ವರ್ಷ ಪಾಠ ಹೇಳಿದ ಮೇಲೆ ಕೊನೆಗೂ ಒಬ್ಬನಿಗೆ ಬುದ್ಧಿ ಕಲಿಸಿದೆ, ಅಕ್ಕಾ. ಅಮ್ಮ ಈಗ ಭದ್ರ.

ಭಾವನಿಗೆ ನಮಸ್ಕಾರ, ಮಕ್ಕಳ ಕಿವಿ ಹಿಂಡಿ ನನ್ನ ಮುದ್ದು ತಲುಪಿಸು.

ನಿನ್ನ ಪುಟ್ಟ
(ವಯಸ್ಸು ಐವತ್ತೊಂದು)

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದ್ದೇನೆ. ಒಮ್ಮೆ ಕೇಳೋಣವೆಂದು ಪೆಟ್ಟಿಗೆ ತೆರೆದೆ. “ಮೂಲ ಕಡತ ಸಿಗುತ್ತಿಲ್ಲ” ಎಂದಿತು. ನಲವತ್ತಾರಕ್ಕೂ ಅದೇ ಉತ್ತರ. ಪರದೆಯ ಮೇಲಿದ್ದವು ಬರೀ ಶಾರ್ಟ್‌ಕಟ್‌ಗಳಂತೆ, ಕಡತ ಎಲ್ಲಿದೆಯೆಂದು ದಾರಿ ತೋರಿಸುವ ಗುರುತುಗಳು ಮಾತ್ರ. ಅಮ್ಮ ಇದ್ದದ್ದು ನಾನು ಅಳಿಸಿದ ಫೋಲ್ಡರಿನಲ್ಲಿ. ಅಣ್ಣ ನಗುತ್ತಲಾದರೂ ಉಳಿಸಿಕೊಂಡಿದ್ದ, ಕಳೆದವನು ನಾನು. ಅವನಿಗೆ ಇನ್ನೂ ಹೇಳಿಲ್ಲ. ನಿನ್ನ ಫೋನಿನಲ್ಲಿ ಏನಾದರೂ ಉಳಿದಿದೆಯಾ ನೋಡೇ. ಅಮ್ಮ ನನ್ನನ್ನು ಬೈದದ್ದಾದರೂ ಸರಿ.